ಒಂದಕ್ಷರ ಕಮ್ಮಿ

"ಇದ್ರಲ್ಲಿ ಯಾರೂ ಇಲ್ವಲ್ಲ ಅಕ್ಕ," ಎಂದಳು ಬುಗುರಿ. ಹಾಳೆಯನ್ನು ಎಡಗೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ, ಎರಡನೇ ಸಲ ಓದುತ್ತಿದ್ದಳು. ಬಲಗೈ ಮೊಣಕೈವರೆಗೆ ಬಿಳಿ ಬಟ್ಟೆಯ ಉಂಡೆಯಾಗಿ ತೊಡೆಯ ಮೇಲೆ ಬಿದ್ದಿತ್ತು.

"ಯಾರೂ ಇಲ್ಲ ಅಂದ್ರೆ ಏನೇ? ಮೇಲ್ಗಡೆ ನಿನ್ನ ಹೆಸರಿದೆ, ನೌಕರಿ ನಂಬರಿದೆ," ಎಂದಳು ಕತ್ತರಿ.

"ಅದು ಸರಿ. ಕೆಳಗೆ? 'ಜಾಲರಿಯನ್ನು ತಾತ್ಕಾಲಿಕವಾಗಿ ತೆಗೆಯಲಾಗಿತ್ತು.' ಯಾರು ತೆಗೆದ್ರು? ಅದಕ್ಕೇನು ಕಾಲಿತ್ತಾ, ಎದ್ದು ಹೋಗೋಕೆ?"

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಟೈಪಿಸ್ಟಾಗಿದ್ದ ಕತ್ತರಿ, ಸಹಿ ಹಾಕಿಸಿಕೊಂಡು ಹತ್ತು ನಿಮಿಷದಲ್ಲಿ ವಾಪಸಾಗುವ ಅಂದಾಜಿನಲ್ಲಿ ಬುಗುರಿಯ ಮನೆಗೆ ಬಂದಿದ್ದಳು. ಅಪಘಾತದ ವರದಿ ಎಂದರೆ ಅಷ್ಟೇ ತಾನೆ: ಗಾಯವಾದವರ ಒಂದು ಸಹಿ, ಮ್ಯಾನೇಜರ ಒಂದು ಸಹಿ, ಟೈಪು ಮಾಡಿದವರ ಒಂದು ಸಹಿ. ಹತ್ತು ದಿನದೊಳಗೆ ಸರ್ಕಾರದ ತಪಾಸಣಾ ಕಚೇರಿಗೆ ಮುಟ್ಟಬೇಕು. ಅಂದು ಎಂಟನೆಯ ದಿನ. ನಿಜ ಹೇಳಬೇಕೆಂದರೆ ಅವಳಿಗೆ ಒಂದು ಸಣ್ಣ ಆಸೆಯೂ ಇತ್ತು. ಮೂರು ಪುಟದ ಗೋಳನ್ನು ಇಪ್ಪತ್ತೊಂದು ಪದಕ್ಕೆ ಇಳಿಸಿದ್ದಳಲ್ಲ, ಬುಗುರಿ ನೋಡಿ ಮೆಚ್ಚಿಕೊಂಡಾಳು ಎಂದುಕೊಂಡಿದ್ದಳು.

ಬುಗುರಿ ಮೆಚ್ಚುವ ಹಾಗೆ ಕಾಣಲಿಲ್ಲ. ಹೆಬ್ಬೆರಳನ್ನು ಸಾಲಿನ ಕೆಳಗೆ ಸರಿಸುತ್ತಾ ಇನ್ನೊಂದು ಕಡೆ ನಿಂತಳು.

"'ಕೆಲಸಗಾರ್ತಿಯ ಅಜಾಗರೂಕತೆಯಿಂದ.' ಇದು ಯಾರ ಮಾತು? ನಾನಂತೂ ಹೇಳಿಲ್ಲ. ಆಸ್ಪತ್ರೇಲಿ ನೀವು ನನ್ನ ಪಕ್ಕ ಸ್ಟೂಲ್ ಮೇಲೆ ಕೂತು ಮೂರು ಪುಟ ಬರ್ಕೊಂಡ್ರಿ. ಹನ್ನೊಂದು ತಿಂಗಳ ಹಿಂದೆ ದೊಡ್ಡ ಆರ್ಡರ್ ಬಂದಾಗ ಮ್ಯಾನೇಜರು ಫಿಟ್ಟರನ್ನ ಕರ್ಕೊಂಡು ಬಂದಿದ್ದು, ಕೈಗೆ ಅಡ್ಡ ಇರೋ ಆ ಜಾಲರಿ ಇದ್ರೆ ಗಂಟೆಗೆ ಐನೂರು ಹಾಳೆ, ಇಲ್ದಿದ್ರೆ ಎಂಟುನೂರು ಅಂದಿದ್ದು, ನಾನು ಬೇಡ ಸಾರ್ ಅಂದಿದ್ದು, ಎಲ್ಲಾ ಹೇಳ್ದೆ. ಹಲ್ಲು ಕಚ್ಕೊಂಡು ಹೇಳ್ದೆ. ಆ ಮೂರು ಪುಟ ಎಲ್ಲಿಗೆ ಹೋಯ್ತು?"

"ಐದು ಸಾಲಲ್ಲಿ ಹಿಡಿಸ್ಬೇಕಲ್ಲಮ್ಮ. ಫಾರಮ್ಮಲ್ಲಿ ಅಷ್ಟೇ ಜಾಗ ಇರೋದು."

"ಅದಕ್ಕೆ?"

"ಅದಕ್ಕೆ ಬೇಡದ್ದನ್ನ ತೆಗ್ದೆ."

ಬಾಯಿಂದ ಬಿದ್ದ ಮಾತು ಕತ್ತರಿಯ ಕಿವಿಗೇ ಹಿತವಾಗಿ ಕೇಳಿಸಲಿಲ್ಲ.

ಬುಗುರಿ ದನಿ ಏರಿಸಲಿಲ್ಲ. ಅವಳು ಜಗಳಗಂಟಿಯಲ್ಲ. ಯಂತ್ರದ ಮುಂದೆ ನಿಂತಲ್ಲೇ ಗಿರ್ರನೆ ತಿರುಗಿ ಹಾಳೆ ಎತ್ತಿ ಇನ್ನೊಂದು ಕಡೆ ಜೋಡಿಸುವ ಚುರುಕಿಗೆ ಬುಗುರಿ ಎಂಬ ಹೆಸರು ಬಂದಿತ್ತು. ಹದಿನೆಂಟು ವರ್ಷ ಹಾಗೆ ತಿರುಗಿದವಳು ಈಗ ಗೋಡೆಗೆ ಒರಗಿ ಕೂತಿದ್ದಳು.

"ಮ್ಯಾನೇಜರು ಬೇಡದ್ದು. ಫಿಟ್ಟರ್ ಬೇಡದ್ದು. ನಾನು ಬೇಡ ಸಾರ್ ಅಂದಿದ್ದೂ ಬೇಡದ್ದು. ಅಜಾಗರೂಕತೆ ಮಾತ್ರ ಬೇಕಾಯ್ತು. ಈ ಒಂದು ಪದ ಸಾಕು ಅಕ್ಕ, ನನ್ನನ್ನ ಮನೆಗೆ ಕಳ್ಸೋಕೆ. ಹೋದ ವರ್ಷ ಗೋಂದಿನ ವಿಭಾಗದವನನ್ನ, ಅದರ ಹಿಂದಿನ ವರ್ಷ ಲೋಡಿಂಗ್ ತಾತನ್ನ ಇದೇ ಪದ ತೋರ್ಸಿ ಅಲ್ವಾ ಕಳ್ಸಿದ್ದು? ಎಂಟು ಬೆರಳಲ್ಲಿ ನಾನು ಲೇಬಲ್ ಅಂಟಿಸ್ತೀನಿ, ಪ್ಯಾಕಿಂಗ್ ಮಾಡ್ತೀನಿ, ಏನು ಹೇಳಿದ್ರೂ ಮಾಡ್ತೀನಿ. ಅಜಾಗರೂಕಳಿಗೆ ಯಾರು ಕೆಲಸ ಕೊಡ್ತಾರೆ?"

ಕತ್ತರಿ ಬ್ಯಾಗಿನಿಂದ ಪೆನ್ಸಿಲ್ ತೆಗೆದಳು. ಕಷ್ಟ ಬಂದಾಗ ಅವಳ ಕೈ ಪೆನ್ಸಿಲ್ ಹುಡುಕುತ್ತಿತ್ತು. "ಹಾಗಿದ್ರೆ 'ಫಿಟ್ಟರ್ ತೆಗೆದರು' ಅಂತ ಹಾಕ್ತೀನಿ. ನೀನು ಹೇಳೋದೂ ಅದೇ ಅಲ್ವಾ?"

"ಅಯ್ಯೋ, ಬೇಡ. ಸ್ಪ್ಯಾನರ್ ಹಿಡಿದು ತೆಗ್ದಿದ್ದು ಅವನೇ, ಇಲ್ಲ ಅನ್ನಲ್ಲ. ಅವನ ಹೆಸರು ಹಾಕಿದ್ರೆ ಎಲ್ಲಾ ಅವನ ತಲೆಗೆ ಕಟ್ತಾರೆ. ಅವತ್ತು ನನ್ನನ್ನ ಎತ್ಕೊಂಡು ಗಾಡಿಗೆ ಹಾಕಿದ್ದು ಅವನು. ದಾರಿಯುದ್ದಕ್ಕೂ ನನ್ನ ಕೈ ಎತ್ತಿ ಹಿಡಿದಿದ್ದೂ ಅವನೇ."

"ಮತ್ತೆ ಏನಂತ ಬರೀಲಿ?"

"ಅದು ನಂಗೆ ಹೇಗೆ ಗೊತ್ತಾಗ್ಬೇಕು? ಬರೆಯೋರು ನೀವು." ಬುಗುರಿ ಹಾಳೆಯನ್ನು ಚಾಪೆಯ ಮೇಲಿಟ್ಟು ಅವಳ ಕಡೆಗೆ ತಳ್ಳಿದಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮ್ಮ ಕತ್ತರೀನೂ ನನ್ನ ಬೆರಳು ತಿಂದ ಆ ಮೂರನೇ ಯಂತ್ರದ ಹಾಗೇ. ಜಾಲರಿ ಇಲ್ಲ. ಇದಕ್ಕೆ ನಾನು ಸಹಿ ಹಾಕಲ್ಲ."

ಕತ್ತರಿಯನ್ನು ಅವಳ ನಿಜ ಹೆಸರಿನಿಂದ ಕರೆಯುವವರು ಕಾರ್ಖಾನೆಯಲ್ಲಿ ಯಾರೂ ಉಳಿದಿರಲಿಲ್ಲ. ಗೇಟಿನ ಕಾವಲುಗಾರನಿಗೂ ಅವಳು ಕತ್ತರಿಯಮ್ಮ. ಒಂಬತ್ತು ವರ್ಷದ ಹಿಂದೆ ಹೊಸ ಮ್ಯಾನೇಜರು ಬಂದ ವಾರವೇ ಸ್ಟೋರ್ ಕೀಪರು ಒಂದು ರಜೆ ಚೀಟಿ ಕೊಟ್ಟಿದ್ದರು. 'ಈ ಮೂಲಕ ತಮ್ಮಲ್ಲಿ ಅತ್ಯಂತ ವಿನಮ್ರತೆಯಿಂದ ಕೇಳಿಕೊಳ್ಳುವುದೇನೆಂದರೆ' ಎಂದು ಶುರುವಾದ ಚೀಟಿ ಎರಡನೇ ಪುಟದ ನಡುವಿನಲ್ಲಿ ಜ್ವರಕ್ಕೆ ಬಂದಿತ್ತು. ಮ್ಯಾನೇಜರು ತಲೆ ಚಚ್ಚಿಕೊಂಡು ಅದನ್ನು ಅವಳ ಮೇಜಿನ ಮೇಲೆ ಎಸೆದರು. ಅವಳು ಕೆಂಪು ಪೆನ್ಸಿಲಿನಿಂದ ಹೊಡೆಯುತ್ತಾ ಹೊಡೆಯುತ್ತಾ ಕೊನೆಗೆ ಉಳಿಸಿದ್ದು ಇಷ್ಟು: 'ಜ್ವರ. ಎರಡು ದಿನ ರಜೆ ಬೇಕು.' ಮ್ಯಾನೇಜರು ಬಿದ್ದು ಬಿದ್ದು ನಕ್ಕರು. ಮರುದಿನ ಅವರ ಕೋಣೆಯಲ್ಲಿ ಒಂದು ಹಲಗೆ ತೂಗಿತು: 'ಒಂದೇ ಒಂದು ಪದದಲ್ಲಿ ಹೇಳಬಹುದಾದ ವಿಷಯಕ್ಕೆ ಎರಡು ಪದಗಳನ್ನು ಬಳಸಬೇಡಿ.' ಅವಳು ಅದನ್ನೂ ಬಿಡಲಿಲ್ಲ. 'ಒಂದು ಪದ ಸಾಕಾದಲ್ಲಿ ಎರಡು ಬೇಡ' ಎಂದು ತಿದ್ದಿ ಕೊಟ್ಟಳು. ಅವರು ಹಲಗೆಯನ್ನೇ ಬದಲಿಸಿದರು.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. 'ಸದರಿ' ಎಂಬ ಪದ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. 'ಮೇಲ್ಕಂಡ ವಿಷಯಕ್ಕೆ ಸಂಬಂಧಪಟ್ಟಂತೆ' ಸಿಕ್ಕಿತೆಂದರೆ ಹಬ್ಬ. 'ಅತ್ಯಂತ', 'ನಿಜಕ್ಕೂ', 'ಒಂದು ರೀತಿಯಲ್ಲಿ ಹೇಳಬೇಕೆಂದರೆ' ಇವೆಲ್ಲ ಅವಳ ಮೇಜು ದಾಟಿ ಜೀವಂತ ಹೋದದ್ದಿಲ್ಲ. ಅದರಲ್ಲಿ ತಪ್ಪೇನೂ ಇರಲಿಲ್ಲ, ಒಳ್ಳೆಯ ಕೆಲಸವೇ. ಎಡವಟ್ಟಾದದ್ದು 'ಲಾಗಿ' ಎಂಬ ಬಾಲದಿಂದ. 'ಮೇಲ್ವಿಚಾರಕರು ಎಣ್ಣೆ ಹಾಕಲು ಮರೆತರು' ಎಂಬುದು ನಾಲ್ಕು ಪದ. 'ಎಣ್ಣೆ ಹಾಕಲಾಗಿರಲಿಲ್ಲ' ಎಂದರೆ ಎರಡೇ. ಅರ್ಧಕ್ಕರ್ಧ ಉಳಿತಾಯ. ಈ ಉಪಾಯ ಕೈಗೆ ಸಿಕ್ಕ ದಿನ ಅವಳು ಖುಷಿಯಿಂದ ಎರಡು ಲೋಟ ಚಹಾ ಕುಡಿದಿದ್ದಳು.

ಬುಗುರಿಯ ಮನೆಯಿಂದ ಕಾರ್ಖಾನೆಗೆ ಹಿಂದಿರುಗಿದವಳು ನೇರ ಕಪಾಟಿನಿಂದ ಅಪಘಾತದ ಕಡತ ಇಳಿಸಿದಳು. ಒಂಬತ್ತು ವರ್ಷಕ್ಕೆ ಮೂವತ್ತೊಂದು ವರದಿ. ಎಲ್ಲವೂ ಅವಳದೇ ಕೈಚಳಕ, ಯಾವುದೂ ಐದು ಸಾಲು ಮೀರಿಲ್ಲ. ಇಷ್ಟು ದಿನ ಆ ಕಡತವನ್ನು ಅವಳು ಹೆಮ್ಮೆಯಿಂದಲೇ ನೋಡುತ್ತಿದ್ದಳು. ತಪಾಸಣಾ ಕಚೇರಿಯವರು ಬೇರೆ ಕಾರ್ಖಾನೆಗಳಿಗೆ ಇದನ್ನೇ ಮಾದರಿ ಎಂದು ತೋರಿಸುತ್ತಾರೆಂದು ಮ್ಯಾನೇಜರು ಒಮ್ಮೆ ಹೇಳಿದ್ದರು.

ಈಗ ಬೆರಳಿಟ್ಟು ಓದಿದಳು. ತಂತಿಯನ್ನು ಜೋಡಿಸಲಾಗಿರಲಿಲ್ಲ. ಮೆಟ್ಟಿಲನ್ನು ಒರೆಸಲಾಗಿರಲಿಲ್ಲ. ಎಚ್ಚರಿಕೆ ನೀಡಲಾಗಿತ್ತು. ಕೈಗವಸು ಒದಗಿಸಲಾಗಿರಲಿಲ್ಲ. ಮೂವತ್ತೊಂದು ಹಾಳೆ ಮಗುಚಿದರೂ ಮ್ಯಾನೇಜರಿಲ್ಲ, ಮೇಲ್ವಿಚಾರಕರಿಲ್ಲ, ಮಾಲೀಕರಿಲ್ಲ. ಕಾರ್ಖಾನೆಯಲ್ಲಿ ಎಲ್ಲ ಕೆಲಸವೂ ತಂತಾನೇ ನಡೆದುಹೋಗಿತ್ತು, ಇಲ್ಲವೇ ತಂತಾನೇ ನಿಂತುಹೋಗಿತ್ತು. ಮನುಷ್ಯ ಎಂದು ಒಬ್ಬನಾದರೂ ಇದ್ದರೆ ಅದು ಕೊನೆಯ ಸಾಲಿನಲ್ಲಿ, 'ಅಜಾಗರೂಕತೆಯಿಂದ' ಎಂಬುದರ ಪಕ್ಕದಲ್ಲಿ. ಆ ಪದವನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅದೂ ಉಳಿತಾಯವೇ. ಗಾಯವಾದವರು ಹೇಳಿದ ಪುಟಗಟ್ಟಲೆ ಕಾರಣಕ್ಕೆ ಬದಲಾಗಿ ಒಂದೇ ಪದ.

ಮ್ಯಾನೇಜರು ಒತ್ತಾಯ ಮಾಡಿ ಬರೆಸಿದ್ದರೆ ಅವರನ್ನು ಶಪಿಸಿ ಹಗುರಾಗಬಹುದಿತ್ತು. ಅವರು 'ಚಿಕ್ಕದು ಮಾಡಿ' ಎಂದಿದ್ದರು ಅಷ್ಟೇ. ಯಾರನ್ನು ತೆಗೆಯಬೇಕು, ಯಾರನ್ನು ಉಳಿಸಬೇಕು ಎಂಬುದನ್ನು ತೀರ್ಮಾನಿಸಿದ್ದು ಅವಳ ಪೆನ್ಸಿಲು. ಲೋಡಿಂಗ್ ತಾತ ಕೆಲಸ ಬಿಟ್ಟು ಹೋಗುವ ದಿನ ಅವಳ ಮೇಜಿನ ಹತ್ತಿರ ಬಂದು, "ಚೆನ್ನಾಗಿ ಬರೀತೀಯಂತೆ ತಾಯಿ," ಎಂದಿದ್ದ. ಅದನ್ನು ಅವಳು ಹೊಗಳಿಕೆ ಎಂದುಕೊಂಡಿದ್ದಳು.

ಸಂಜೆ ಮನೆಗೆ ಬಂದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಸೊಸೆಗೆ ಕತ್ತರಿ ಎಂಬ ಹೆಸರಿದ್ದರೆ ಅತ್ತೆಗೆ ಬೀದಿಯವರು ರೇಡಿಯೋ ಎಂದು ಹೆಸರಿಟ್ಟಿದ್ದರು. ಒಂದು ಸುದ್ದಿ ಹೇಳಲು ಅವರು ಮೂರು ಮನೆಯ ಸಂಬಂಧ, ಇಬ್ಬರ ಮದುವೆ, ಒಬ್ಬರ ಮಂಡಿನೋವು ದಾಟಿ ಬರಬೇಕಾಗಿತ್ತು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಸೊಸೆ ಅವರಿಗೆ ಅತಿ ಹೆಚ್ಚು ಸಲ ಹೇಳಿದ ಮಾತು 'ವಿಷಯಕ್ಕೆ ಬನ್ನಿ ಅತ್ತೆ' ಎಂಬುದೇ. ಅತ್ತೆ ಅದನ್ನು ಎಂದೂ ಮನಸ್ಸಿಗೆ ಹಚ್ಚಿಕೊಂಡವರಲ್ಲ.

ಈವತ್ತು ಸೊಸೆ ಏನೂ ಹೇಳದೆ ಎದುರಿಗೆ ಕೂತು ಬಟಾಣಿಗೆ ಕೈ ಹಾಕಿದ್ದನ್ನು ಕಂಡು ಅತ್ತೆಗೆ ಆಶ್ಚರ್ಯವಾಯಿತು. ಸಿಕ್ಕಿದ್ದೇ ಸಮಯವೆಂದು ಶುರು ಮಾಡಿದರು.

"ಎದುರು ಮನೆ ಕಾಂಪೌಂಡ್ ಗೋಡೆ ನೋಡಿದ್ಯಾ? ಅರ್ಧ ಇಲ್ಲ. ಮಧ್ಯಾಹ್ನ ಧಡಾಧಡಾ ಅಂತ ಸದ್ದು ಬಂತು, ನಾನು ಆಗ ತಾನೇ ತಲೆ ಒಣಗಿಸ್ಕೊಳ್ತಿದ್ದೆ, ಹೋಗಿ ನೋಡಿದ್ರೆ ಆ ಗಾರೆಯವನು ಒಡೀತಿದಾನೆ. ಅದೇ ಕಣೇ, ನಮ್ಮ ಬಚ್ಚಲ ರಿಪೇರಿಗೆ ಬಂದಿದ್ನಲ್ಲ, ಹೆಂಡ್ತಿಗೆ ಅವಳಿ ಮಕ್ಕಳು, ಅವನು. ಗೋಡೆ ಮೇಲೆ ಬಳ್ಳಿ ಹಬ್ಬಿಸಿದ್ರಲ್ಲ ಪಕ್ಕದ ಮನೆ ಮೇಷ್ಟ್ರು, ಅವರು ಬಂದು ಅವನಿಗೆ ಬಾಯಿಗೆ ಬಂದ ಹಾಗೆ ಬೈದ್ರು. ಅವನು ಪಾಪ ಸುತ್ತಿಗೆ ಕೆಳಗಿಟ್ಟು ಸುಮ್ನೆ ನಿಂತ. ನನಗೆ ಸಿಟ್ಟು ಬಂತು ನೋಡು. ನಾನು ಮೇಷ್ಟ್ರಿಗೆ ಅಂದೆ, ಏನ್ರೀ, ಒಡೆದೋನು ಬೇರೆ ಒಡೆಸಿದೋರು ಬೇರೆ. ಒಡೆಸಿದೋರು ಒಳಗೆ ಫ್ಯಾನ್ ಹಾಕ್ಕೊಂಡು ಕೂತಿದಾರೆ, ಧೈರ್ಯ ಇದ್ರೆ ಹೋಗಿ ಅವರ ಬಾಗಿಲು ತಟ್ಟಿ, ಅಂತ."

ಕತ್ತರಿಯ ಕೈಯಲ್ಲಿದ್ದ ಸಿಪ್ಪೆ ಹಾಗೇ ನಿಂತಿತು.

"ಇನ್ನೊಂದ್ಸಲ ಹೇಳಿ ಅತ್ತೆ."

"ಯಾವುದನ್ನ? ತಲೆ ಒಣಗಿಸ್ಕೊಂಡಿದ್ದಾ?"

"ಅಲ್ಲ. ಒಡೆದೋನು ಬೇರೆ ಅಂದ್ರಲ್ಲ."

"ಒಡೆದೋನು ಬೇರೆ, ಒಡೆಸಿದೋರು ಬೇರೆ. ಅದರಲ್ಲೇನಿದೆ, ಮಗುವಿಗೂ ಗೊತ್ತಾಗುತ್ತೆ." ಅತ್ತೆ ಅವಳ ಮುಖ ನೋಡಿದರು. "ಯಾಕೇ, ಮೈ ಸರಿ ಇಲ್ವಾ? ನನ್ನ ಮಾತು ಎರಡೆರಡು ಸಲ ಕೇಳ್ತಿದೀಯ."

ಅತ್ತೆಯ ಮಾತಿನಲ್ಲಿ ಯಾವ ಕೆಲಸವೂ ತಾನಾಗಿ ಆಗುತ್ತಿರಲಿಲ್ಲ. ಹಾಲು ಉಕ್ಕಿದರೂ ಉಕ್ಕಿಸಿದವರು ಒಬ್ಬರು ಇರುತ್ತಿದ್ದರು. ಇಷ್ಟು ವರ್ಷ ಅವಳಿಗೆ ಅದು ಬರೀ ಗದ್ದಲವಾಗಿ ಕೇಳಿಸಿತ್ತು. ಈಗ ನಾಚಿಕೆಯೂ ಆಯಿತು, ನಗುವೂ ಬಂತು. ಸಿಪ್ಪೆಯನ್ನು ಬಟಾಣಿಯ ಬುಟ್ಟಿಗೂ, ಬಟಾಣಿಯನ್ನು ಸಿಪ್ಪೆಯ ರಾಶಿಗೂ ಹಾಕುತ್ತಿದ್ದ ಸೊಸೆಯನ್ನು ಅತ್ತೆ ಎಬ್ಬಿಸಿ ಕಳಿಸಿದರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಬಂದು ಅವಳು ಹೊಸ ಫಾರಮ್ಮು ತೆರೆದಳು. ಟೈಪು ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು. ಪುಟ ತುಂಬ ಬರೆದು ಬಿಸಾಡಬೇಕೆಂಬ ಆವೇಶ ಒಂದು ಕ್ಷಣ ಬಂದಿತ್ತು, ತಡೆದುಕೊಂಡಳು. ಉದ್ದ ಬರೆದರೆ 'ಚಿಕ್ಕದು ಮಾಡಿ' ಎನ್ನಲು ಅವರಿಗೆ ದಾರಿಯಾಗುತ್ತದೆ. ಆ ದಾರಿ ಕೊಡಬಾರದು. ಹತ್ತೂವರೆಗೆ ಮ್ಯಾನೇಜರು ಬಂದಾಗ ಹಾಳೆ ಅವರ ಮೇಜಿನ ಮೇಲಿತ್ತು.

ಮ್ಯಾನೇಜರು ಕೆಟ್ಟವರೆಂದು ಕಾರ್ಖಾನೆಯಲ್ಲಿ ಯಾರೂ ಹೇಳುವುದಿಲ್ಲ. ಅಂಗಿಯ ಮಡಿಕೆ ಮುರಿಯದ, ಯಾರ ಮೇಲೂ ಕೂಗಾಡದ ಮನುಷ್ಯ. ಅವರು ಹಾಳೆಯನ್ನು ನಿಂತೇ ಓದಿದರು. ಓದುತ್ತಾ ಕೂತರು.

'ಹದಿನಾಲ್ಕರಂದು ಬೆಳಿಗ್ಗೆ ಹನ್ನೊಂದಕ್ಕೆ ಮೂರನೇ ಯಂತ್ರ ಕೆಲಸಗಾರ್ತಿಯ ಬಲಗೈಯ ಎರಡು ಬೆರಳು ಕತ್ತರಿಸಿತು. ಜಾಲರಿ ಇರಲಿಲ್ಲ. ಹನ್ನೊಂದು ತಿಂಗಳ ಹಿಂದೆ ಮ್ಯಾನೇಜರು ತೆಗೆಸಿದ್ದರು. ಜೊತೆಯವರು ಆಸ್ಪತ್ರೆಗೆ ಒಯ್ದರು.'

"ಏನ್ ಮೇಡಂ ಇದು?"

"ವರದಿ ಸಾರ್."

"ನಿನ್ನೆ ಒಂದು ಮಾಡಿದ್ರಲ್ಲ. ಅದು ಚೆನ್ನಾಗಿತ್ತು. ಇದರಲ್ಲಿ ಏನೇನೋ ಸೇರ್ಸಿದೀರ."

"ಸೇರ್ಸಿಲ್ಲ ಸಾರ್. ನಿನ್ನೇದು ಇಪ್ಪತ್ತೊಂದು ಪದ. ಇದು ಇಪ್ಪತ್ತು."

ಮ್ಯಾನೇಜರು ಎಣಿಸಲು ಹೊರಟು, ಎಣಿಸುತ್ತಿರುವುದು ಅರಿವಾಗಿ ನಿಲ್ಲಿಸಿದರು. ಪೆನ್ನಿನ ತುದಿಯಿಂದ ಒಂದು ಪದವನ್ನು ಮುಟ್ಟಿದರು.

"ಇಲ್ಲಿ 'ತೆಗೆಯಲಾಗಿತ್ತು' ಅಂತ ಇತ್ತು. ಅದನ್ನೇ ಇಡಿ."

"ಅದರಲ್ಲಿ ಆರಕ್ಷರ ಸಾರ್. ಇದರಲ್ಲಿ ಐದು. ಒಂದಕ್ಷರ ಕಮ್ಮಿ."

"ತಮಾಷೆ ಮಾಡ್ತಿದೀರಾ?"

"ಒಂಬತ್ತು ವರ್ಷದಿಂದ ನಿಮಗೆ ಅಕ್ಷರ ಎಣಿಸಿ ಕೊಡ್ತಿದೀನಿ ಸಾರ್. ಒಂದಿನಾನೂ ತಮಾಷೆ ಮಾಡಿಲ್ಲ."

ಹೊರಗೆ ಯಂತ್ರಗಳು ಶುರುವಾಗಿದ್ದವು. ಮೂರನೆಯದು ಇನ್ನೂ ನಿಂತೇ ಇತ್ತು. ಗಾಜಿನ ಬಾಗಿಲಾಚೆ ಸ್ಟೋರ್ ಕೀಪರು ಬೇಕೆಂದೇ ನಿಧಾನವಾಗಿ ಒಂದು ಕಪಾಟು ಒರೆಸುತ್ತಿದ್ದರು. ಕತ್ತರಿ ಮೇಜಿನ ಅಂಚಿಗೆ ಕೈಯೂರಿ ನಿಂತುಕೊಂಡಳು. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಮಾತ್ರ ಬಾಕಿ ಇರುವ ಹೆಂಗಸಿಗೆ ಹೆದರಿಕೆ ಇಲ್ಲದಿರುವುದು ಹೇಗೆ? ಹೆದರಿಕೆ ಇತ್ತು. ಅದರ ಜೊತೆಗೇ, ಬಹಳ ದಿನದಿಂದ ಬಿಗಿಯಾಗಿದ್ದ ಚಪ್ಪಲಿ ಬಿಚ್ಚಿದ ಹಾಗೆ ಒಂದು ನಿರಾಳವೂ ಇತ್ತು.

ಮ್ಯಾನೇಜರು ದನಿ ತಗ್ಗಿಸಿದರು. "ನೋಡಿ ಮೇಡಂ. ನಾನು ಒಂದು ಸ್ಕ್ರೂ ಮುಟ್ಟಿಲ್ಲ. ನಾನು ತೆಗೆದೆ ಅಂತ ನೀವು ಬರೆದ್ರೆ ಅದು ಸುಳ್ಳಾಗುತ್ತೆ."

"ನೀವು ತೆಗೆದ್ರಿ ಅಂತ ಬರೆದಿಲ್ಲ ಸಾರ್. ತೆಗೆಸಿದ್ರಿ ಅಂತ ಬರೆದಿದೀನಿ."

"ಹಾಗಾದ್ರೆ ಆ 'ಸಿ' ತೆಗೀರಿ."

"ತೆಗೀಬಹುದು. ಆದ್ರೆ ಅದನ್ನ ತೆಗೆದ್ರೆ ನೀವೇ ಸ್ಪ್ಯಾನರ್ ಹಿಡಿದು ತೆಗೆದ ಹಾಗಾಗುತ್ತೆ. ಬೇಕಾ?"

ಗಾಜಿನಾಚೆ ಸ್ಟೋರ್ ಕೀಪರು ಕೆಮ್ಮಿದರು. ಅದು ಕೆಮ್ಮಲ್ಲ ಎಂಬುದು ಮೂವರಿಗೂ ಗೊತ್ತಾಯಿತು. ಮ್ಯಾನೇಜರ ಕಿವಿ ಕೆಂಪಾದವು.

"ಫಿಟ್ಟರ್ ತೆಗೆದ ಅಂತ ಹಾಕಿ. ಅದು ಸತ್ಯ ತಾನೆ?"

"ಸತ್ಯ. ಆದ್ರೆ ಅನಗತ್ಯ," ಎಂದಳು ಕತ್ತರಿ. "ತೆಗೆಸಿದ್ದರು ಅಂದ ಮೇಲೆ ಯಾರೋ ಒಬ್ಬ ತೆಗೆದೇ ಇರ್ತಾನೆ. ಅದನ್ನ ಬೇರೆ ಹೇಳೋದು ಬೇಡ. ಬೇಡದ್ದನ್ನ ಹೊಡೆದು ಹಾಕೋದಲ್ವಾ ನನ್ನ ಕೆಲಸ."

"ಮತ್ತೆ ಅಜಾಗರೂಕತೆ? ಆ ಪದ ಎಲ್ಲಿ?"

"ಅದೂ ಬೇಡದ್ದೇ. ಹದಿನೆಂಟು ವರ್ಷ ಒಂದು ಉಗುರೂ ಮುರಿಸ್ಕೊಳ್ದೆ ಕೆಲಸ ಮಾಡಿದ ಹೆಂಗಸು ಅದು. ಮೂವತ್ತೊಂದು ವರದೀಲಿ ಬರೆದು ಬರೆದು ಆ ಪದ ಸವೆದು ಹೋಗಿದೆ ಸಾರ್. ಸವೆದ ಪದ ಬಳಸ್ಬಾರ್ದು ಅಂತ ನೀವೇ ಹೇಳಿಕೊಟ್ಟಿದ್ದು."

ಮ್ಯಾನೇಜರ ತಲೆಯ ಮೇಲೆ ಹಲಗೆ ತೂಗುತ್ತಿತ್ತು. ಅವರು ಅದನ್ನು ನೋಡಲಿಲ್ಲ.

"ನಾನು ಇದಕ್ಕೆ ಸಹಿ ಮಾಡಲ್ಲ. ಸ್ಟೋರ್ ಕೀಪರ್ ಕೈಲಿ ಬೇರೆ ಟೈಪ್ ಮಾಡಿಸ್ತೀನಿ."

"ಮಾಡಿಸಿ. ಅದಕ್ಕೂ ಬುಗುರಿ ಸಹಿ ಬೇಕು. ಅವಳು ಹಾಕಲ್ಲ."

"ಮೇಡಂ, ನಾಳೆಯಿಂದ ನೀವು ಗೋಡೌನಿಗೆ ಹೋಗ್ಬೇಕಾಗುತ್ತೆ. ಅಲ್ಲಿ ಲೇಬಲ್ ಎಣಿಸೋಕೆ ಜನ ಬೇಕಾಗಿದೆ."

ಕತ್ತರಿಯ ಮನಸ್ಸಿನಲ್ಲಿ ಗೋಡೌನಿನ ತಗಡಿನ ಚಾವಣಿ, ಮಧ್ಯಾಹ್ನದ ಬಿಸಿಲು, ಕೂರಲು ಕುರ್ಚಿ ಇಲ್ಲದ ಮೂಲೆ ಹಾದುಹೋದವು. ನಾಲ್ಕು ವರ್ಷ.

"ಆಗಲಿ ಸಾರ್. ಆರ್ಡರ್ ಬರೆದು ಕೊಡಿ. ಒಂದೇ ಒಂದು ಕೇಳ್ಕೋತೀನಿ. 'ವರ್ಗಾಯಿಸಲಾಗಿದೆ' ಅಂತ ಬರೀಬೇಡಿ. 'ವರ್ಗಾಯಿಸಿದ್ದೇನೆ' ಅಂ‌ತ ಬರೀರಿ. ಕೆಳಗೆ ನಿಮ್ಮ ಹೆಸರು."

ಅವಳು ಹಾಳೆ ತೆಗೆದುಕೊಂಡು ತನ್ನ ಮೇಜಿಗೆ ಬಂದಳು. ಫಾರಮ್ಮಿನ ಬುಡದಲ್ಲಿ ಒಂದು ಸಣ್ಣ ಸಾಲಿತ್ತು, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬಳಕೆಯಾಗದ ಸಾಲು: 'ಯಾವುದಾದರೂ ಸಹಿ ಇಲ್ಲದಿದ್ದಲ್ಲಿ ಕಾರಣ'. ಅದರ ಮುಂದೆ ಟೈಪು ಮಾಡಿದಳು: 'ಮ್ಯಾನೇಜರು ಸಹಿ ಮಾಡಲಿಲ್ಲ.' 'ಮಾಡಲಾಗಿಲ್ಲ' ಎಂದು ಬರೆಯಲು ಹಳೆಯ ಚಾಳಿಯ ಬೆರಳು ಹೊರಟಿತ್ತು. ಗದರಿ ನಿಲ್ಲಿಸಿದಳು. ಟೈಪು ಮಾಡಿದವರ ಸಹಿಯ ಜಾಗದಲ್ಲಿ ಇಷ್ಟು ವರ್ಷ ಒಂದು ಸೊಟ್ಟ ಗೆರೆ ಎಳೆದು ಬಿಡುತ್ತಿದ್ದವಳು ಇವತ್ತು ಪೂರ್ತಿ ಹೆಸರು ಬರೆದಳು. ಬರೆದದ್ದನ್ನು ತಾನೇ ಒಮ್ಮೆ ನೋಡಿಕೊಂಡಳು. ವರದಿಯನ್ನು ತಪಾಸಣಾ ಕಚೇರಿಗೆ ಒಯ್ದು ಮೊಹರು ಹಾಕಿಸಿಕೊಂಡು ಬರುವುದು ಮೊದಲಿನಿಂದಲೂ ಅವಳದೇ ಕೆಲಸ. ಆ ಕೆಲಸ ನಾಳೆಯವರೆಗೂ ಅವಳದೇ. ಬ್ಯಾಗು ಹೆಗಲಿಗೇರಿಸಿದಾಗ ಸ್ಟೋರ್ ಕೀಪರು ಒರೆಸುತ್ತಿದ್ದ ಬಟ್ಟೆ ಬಿಟ್ಟು ಬಂದು ಅವಳಿಗೆ ಬಾಗಿಲು ತೆಗೆದು ಹಿಡಿದರು.

ಗೇಟಿನ ಹತ್ತಿರ ಫಿಟ್ಟರ್ ಕಾಯುತ್ತಿದ್ದ. ಸುದ್ದಿ ಅಷ್ಟರಲ್ಲೇ ಒಂದು ಸುತ್ತು ಹಾಕಿ ಬಂದಿತ್ತು.

"ನನ್ನ ಹೆಸರಿದೆಯಾ ಕತ್ತರಿಯಮ್ಮ?"

"ಇಲ್ಲಪ್ಪ."

ಅವನು ತಲೆ ತಗ್ಗಿಸಿ ನಿಂತ. ಸಮಾಧಾನವಾದಂತೆ ಕಾಣಲಿಲ್ಲ. "ಯಾರಾದ್ರೂ ಬಂದು ಕೇಳಿದ್ರೆ ಹೇಳ್ತೀನಿ," ಎಂದ. "ತೆಗೆದೋನು ನಾನು, ತೆಗಿ ಅಂದೋರು ಇವರು ಅಂತ. ಕೇಳಲಿ, ಹೇಳ್ತೀನಿ."

ಬುಗುರಿ ಬಾಗಿಲಲ್ಲೇ ನಿಂತು ಓದಿದಳು. ಓದಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಇಪ್ಪತ್ತೇ ಪದ ತಾನೆ. ಆದರೂ ಮುಗಿದ ಮೇಲೆ ಮತ್ತೆ ಮೊದಲಿಗೆ ಹೋದಳು. 'ತೆಗೆಸಿದ್ದರು' ಎಂಬಲ್ಲಿ ಹೆಬ್ಬೆರಳು ನಿಂತಿತು.

"ಇದನ್ನ ನೋಡಿ ಅವರು ಸುಮ್ನೆ ಇದ್ರಾ?"

"ಇಲ್ಲ. ನಾನು ನಾಳೆಯಿಂದ ಗೋಡೌನಲ್ಲಿ."

"ಅಕ್ಕ..."

"ನಿನಗೂ ಅಲ್ಲೇ ಲೇಬಲ್ ಕೆಲಸ ಕೊಡ್ಲೇಬೇಕು ಈಗ. ಕೊಡ್ದೆ ಇರೋಕೆ ಇದರಲ್ಲಿ ಕಾರಣ ಇಲ್ಲ. ಇಬ್ರೂ ಒಟ್ಟಿಗೆ ಎಣಿಸೋಣ. ನೀನು ತಪ್ಪಿದ್ರೆ ನಾನು ತಿದ್ತೀನಿ." ಕತ್ತರಿ ಪೆನ್ನು ಕೊಟ್ಟಳು. "ಹಾಕು ಬೇಗ. ಕಚೇರಿ ಮುಚ್ಚೋಕೆ ಮುಂಚೆ ಮುಟ್ಟಿಸ್ಬೇಕು."

ಬುಗುರಿ ಪೆನ್ನು ತೆಗೆದುಕೊಂಡು ಎಡಗೈಯಲ್ಲಿ ಹಿಡಿಯಲು ನೋಡಿದಳು. ಜಾರಿತು. ಕತ್ತರಿ ಎತ್ತಿ ಕೊಟ್ಟಳು, ಮತ್ತೆ ಜಾರಿತು. "ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ ಕಣೆ," ಎಂದಳು ಕತ್ತರಿ, ಮೆಲ್ಲಗೆ.

"ನಂಗೆ ಬರೆಯೋಕೆ ಬರುತ್ತೆ," ಎಂದಳು ಬುಗುರಿ.

ಚಾಪೆಯ ಮೇಲೆ ಕೂತು, ಹಾಳೆಯ ಮೇಲಂಚನ್ನು ಬಿಳಿ ಬಟ್ಟೆಯ ಉಂಡೆಯಿಂದ ಒತ್ತಿ ಹಿಡಿದು, ಪೆನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಮೊದಲ ಅಕ್ಷರ ಬರೆಯುವಷ್ಟರಲ್ಲಿ ಹಣೆಯಲ್ಲಿ ಬೆವರು ಮೂಡಿತು. ಅದು ಹಿಂದಿನ ಅವಳ ಅಕ್ಷರಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿತ್ತು. ಎರಡನೆಯದು ಬರೆಯುವಾಗಲೇ ಸಹಿಯ ಚೌಕ ಮುಗಿಯುತ್ತಾ ಬಂತು.

"ಇದರೊಳಗೇ ಹಿಡಿಸ್ಬೇಕಾ ಅಕ್ಕ?"

ಕತ್ತರಿ ಚೌಕವನ್ನು ನೋಡಿದಳು. ಅದರಾಚೆಗೆ ಖಾಲಿ ಜಾಗವಿತ್ತು. 'ಕಚೇರಿಯ ಉಪಯೋಗಕ್ಕೆ ಮಾತ್ರ' ಎಂದು ಮೇಲೆ ಅಚ್ಚಾಗಿತ್ತು.

"ಬೇಡ. ನಿಂಗೆಷ್ಟು ಜಾಗ ಬೇಕೋ ಅಷ್ಟು ತಗೋ."

ಬುಗುರಿ ತಲೆ ಬಗ್ಗಿಸಿದಳು. ಮೂರನೇ ಅಕ್ಷರ ಗೆರೆ ದಾಟಿತು. ಅವಳು ತನ್ನ ಹೆಸರು ಮುಗಿಸಿ, ಅಪ್ಪನ ಹೆಸರು ಬರೆದು, ಅಮ್ಮನದನ್ನೂ ಸೇರಿಸುತ್ತಿದ್ದಳು. ಕತ್ತರಿ ಪಕ್ಕದಲ್ಲಿ ಕೂತು, ಹಾಳೆ ಸರಿಯದ ಹಾಗೆ ಕೆಳಗಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.